ಬಣ್ಣ ಬಿಟ್ಟರೂ ಬಿಸಿಲು ಬಿಡದ ಸಾಲ್ವಿಯಾ

ಬಿಳಿ ಹೂವೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಸಂಜೆ. ಮಲ್ಲಿಗೆ, ಸುಗಂಧರಾಜ, ಪಾರಿಜಾತ, ಬ್ರಹ್ಮಕಮಲ ಎಲ್ಲವೂ ಹೊತ್ತು ಇಳಿದ ಮೇಲೆ ಅರಳುವ, ಕಂಪಿನಿಂದ ತಮ್ಮ ಇರವನ್ನು ಸಾರುವ ಹೂಗಳು. ಈ ಪರಿಚಯದಿಂದ ಒಂದು ನಂಬಿಕೆಯೂ ಬೆಳೆದಿದೆ: ಬಿಳಿ ಹೂವಿನ ಗಿಡ ನಾಜೂಕು, ಉರಿಬಿಸಿಲಿಗೆ ಬಾಡುತ್ತದೆ, ಅದಕ್ಕೆ ಅರೆನೆರಳು ಬೇಕು, ನೀರು ಗೊಬ್ಬರ ಧಾರಾಳವಾಗಿ ಬೇಕು. ಬಿಳಿ ಹೂ ಬಿಡುವ ಬಹುವಾರ್ಷಿಕ ಸಾಲ್ವಿಯಾವನ್ನು ಈ ನಂಬಿಕೆಯ ಮೇಲೆ ಬೆಳೆಸಿದರೆ ಗಿಡ ಉದ್ದುದ್ದ ಬೆಳೆದು ಮಗ್ಗುಲಿಗೆ ಬಿದ್ದುಕೊಳ್ಳುತ್ತದೆ, ಹೂ ಕಡಿಮೆಯಾಗುತ್ತದೆ, ಕೊನೆಗೆ ಬುಡ ಕೊಳೆಯುತ್ತದೆ. ಆಗ ತಪ್ಪನ್ನು ಬಿಳಿ ಬಣ್ಣದ ಮೇಲೆ ಹೊರಿಸುತ್ತೇವೆ. ಈ ಅಧ್ಯಾಯದ ವಾದ ಇಷ್ಟೇ: ಬಿಳಿ ಸಾಲ್ವಿಯಾ ತನ್ನ ನೇರಳೆ ಬಂಧುಗಳಿಗೆ ಹೋಲಿಸಿದರೆ ಕಳೆದುಕೊಂಡಿರುವುದು ಒಂದು ಜಾತಿಯ ವರ್ಣದ್ರವ್ಯವನ್ನು ಮಾತ್ರ. ಬಿಸಿಲನ್ನು ತಾಳುವ ಸಲಕರಣೆಗಳೆಲ್ಲ ಅದರಲ್ಲಿ ಹಾಗೆಯೇ ಉಳಿದಿವೆ. ಆದ್ದರಿಂದ ಬಣ್ಣ ನೋಡಿ ಉಪಚರಿಸದೆ ಅದನ್ನು ಬಯಲಿನ ಗಿಡವೆಂದೇ ತಿಳಿದು ಬೆಳೆಸಬೇಕು.

ಸಾಲ್ವಿಯಾ ನಮ್ಮ ತುಳಸಿ, ಕಾಮಕಸ್ತೂರಿ, ಪುದೀನಗಳ ಕುಟುಂಬಕ್ಕೆ ಸೇರಿದ ಕುಲ. ಆ ಕುಟುಂಬದಲ್ಲಿ ಇದಕ್ಕಿಂತ ದೊಡ್ಡ ಕುಲವಿಲ್ಲ. ಪ್ರಭೇದಗಳ ಸಂಖ್ಯೆ ಹತ್ತಿರ ಹತ್ತಿರ 1000. ಅರ್ಧದಷ್ಟು ಮಧ್ಯ ಮತ್ತು ದಕ್ಷಿಣ ಅಮೆರಿಕದವು, ಉಳಿದವುಗಳಲ್ಲಿ ಹೆಚ್ಚಿನವು ಮೆಡಿಟರೇನಿಯನ್ ಸುತ್ತಮುತ್ತ, ಮಧ್ಯ ಏಷ್ಯಾ ಮತ್ತು ಪೂರ್ವ ಏಷ್ಯಾದಲ್ಲಿವೆ. ಯುರೋಪಿನ ತೋಟಗಳಲ್ಲಿ ಬಹುವಾರ್ಷಿಕ ಸಾಲ್ವಿಯಾ ಎಂದಾಗ ಸಾಮಾನ್ಯವಾಗಿ ಅರ್ಥವಾಗುವುದು ಸಾಲ್ವಿಯಾ ನೆಮೊರೋಸಾ ಮತ್ತು ಅದರ ಮಿಶ್ರತಳಿಗಳು. ಮಧ್ಯ ಯುರೋಪಿನಿಂದ ಪಶ್ಚಿಮ ಏಷ್ಯಾದವರೆಗೆ ಒಣ ಹುಲ್ಲುಗಾವಲುಗಳಲ್ಲಿ ಬೆಳೆಯುವ ಈ ಗಿಡದ ಸಹಜ ಬಣ್ಣ ನೀಲಿನೇರಳೆ. ಇಪ್ಪತ್ತನೆಯ ಶತಮಾನದ ನಡುವೆ ಜರ್ಮನಿಯ ಇಬ್ಬರು ಸಸ್ಯಪಾಲಕರು ಇದನ್ನು ತೋಟದ ಗಿಡವಾಗಿ ರೂಪಿಸಿದರು. ಎರ್ನ್ಸ್ಟ್ ಪಾಗೆಲ್ಸ್ 1955ರಲ್ಲಿ 'ಓಸ್ಟ್‌ಫ್ರೀಸ್‌ಲಾಂಡ್' ತಳಿಯನ್ನು, ಕಾರ್ಲ್ ಫೋಯರ್ಸ್ಟರ್ 1956ರಲ್ಲಿ 'ಮೈನಾಖ್ಟ್' ತಳಿಯನ್ನು ಹೊರತಂದರು. ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 'ಮೈನಾಖ್ಟ್' ಅನ್ನು 1997ರ ವರ್ಷದ ಸಸ್ಯವೆಂದು ಆರಿಸಿತು. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ 'ಸ್ನೋ ಹಿಲ್' ಎಂದು ಮಾರಾಟವಾಗುವ 'ಶ್ನೇಹ್ಯೂಗಲ್' ಇದೇ ಬಳಗದ ಬಿಳಿ ತಳಿ. ಎತ್ತರ ಒಂದೂವರೆ ಅಡಿಯ ಆಸುಪಾಸು, ನೆಟ್ಟಗೆ ನಿಲ್ಲುವ ಹೂದೆನೆಗಳು, ಅಪ್ಪಟ ಬಿಳಿ. ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನ ಚಳಿಯನ್ನು ಬೇರಿನಲ್ಲಿ ಅಡಗಿ ಕಳೆದು ವಸಂತದಲ್ಲಿ ಮತ್ತೆ ಚಿಗುರುವ ಗಿಡವನ್ನು ನಾಜೂಕು ಎನ್ನಲು ಆಧಾರವಿಲ್ಲ.

ಈ ಬಿಳಿ ಎಲ್ಲಿಂದ ಬರುತ್ತದೆ? ಬಿಳಿ ಎಂಬ ವರ್ಣದ್ರವ್ಯ ಎಸಳಿನಲ್ಲಿ ಇಲ್ಲವೇ ಇಲ್ಲ. ಕಲ್ಲುಸಕ್ಕರೆಯ ಹರಳು ಪಾರದರ್ಶಕ, ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗುತ್ತದೆ. ಹರಳಿಗೂ ಗಾಳಿಗೂ ನಡುವಿನ ಅಂಚುಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಪ್ರತಿಯೊಂದು ಅಂಚಿನಲ್ಲೂ ಬೆಳಕು ದಿಕ್ಕು ಬದಲಿಸಿ ಚದುರುವುದೇ ಕಾರಣ. ಎಸಳಿನ ಒಳಗೂ ನಡೆಯುವುದು ಇದೇ. ಜೀವಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಸಣ್ಣ ಸಂದುಗಳಿವೆ. ಒಳಹೊಕ್ಕ ಬೆಳಕು ಕೋಶದ ಗೋಡೆಗೂ ಗಾಳಿಗೂ ನಡುವೆ ಪುಟಿದು ಪುಟಿದು, ಯಾವ ಬಣ್ಣವನ್ನೂ ಕಳೆದುಕೊಳ್ಳದೆ ಹೊರಬರುತ್ತದೆ. ಬಿಳಿ ಎಸಳೊಂದನ್ನು ನೀರಿನಲ್ಲಿ ಅದ್ದಿ ಬೆರಳಿನಿಂದ ಒತ್ತಿದರೆ ಸಂದುಗಳಲ್ಲಿ ನೀರು ಸೇರಿ ಎಸಳು ಮಸುಕುಗಾಜಿನಂತೆ ಪಾರದರ್ಶಕವಾಗುವುದನ್ನು ಯಾರು ಬೇಕಾದರೂ ನೋಡಬಹುದು. ಜಪಾನಿನ ಬೆಟ್ಟಗಳಲ್ಲಿರುವ ಡಿಫಿಲಿಯಾ ಗ್ರೇಯಿ ಎಂಬ ಗಿಡದ ಬಿಳಿ ಹೂವು ಮಳೆ ಬಂದಾಗ ತಾನಾಗಿಯೇ ಹೀಗೆ ಪಾರದರ್ಶಕವಾಗಿ, ಒಣಗಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಈ ಗಾಳಿಸಂದುಗಳು ನೇರಳೆ ಸಾಲ್ವಿಯಾದ ಎಸಳಿನಲ್ಲೂ ಇವೆ. ಅಲ್ಲಿ ಬೆಳಕು ಹೊರಬರುವ ಮೊದಲು ವರ್ಣದ್ರವ್ಯದ ಪದರವನ್ನು ಹಾಯಬೇಕು, ಇಲ್ಲಿ ಆ ಪದರವಿಲ್ಲ.

ಇಲ್ಲವಾಗಿರುವ ವಸ್ತು ಆಂಥೋಸಯನಿನ್. ಗಿಡ ಅದನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಒಂದರ ಹಿಂದೊಂದು ಕಿಣ್ವಗಳು ಕೆಲಸ ಮಾಡಿ, ಬಣ್ಣವಿಲ್ಲದ ಕಚ್ಚಾವಸ್ತುವನ್ನು ಹಂತಹಂತವಾಗಿ ಬದಲಿಸುತ್ತ ಬಂದು, ಕೊನೆಯ ಹಂತಗಳಲ್ಲಿ ನೀಲಿಯನ್ನೋ ನೇರಳೆಯನ್ನೋ ಕೊಡುತ್ತವೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಬಣ್ಣ ನಿಲ್ಲುತ್ತದೆ. ಆದರೆ ಯಾವ ಕೊಂಡಿ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ತೀರ ಆರಂಭದ ಕೊಂಡಿ ಕಳಚಿದರೆ ಆಂಥೋಸಯನಿನ್ ಜೊತೆಗೆ ಅದರ ಬಣ್ಣವಿಲ್ಲದ ಬಂಧುಗಳಾದ ಫ್ಲೇವೋನ್, ಫ್ಲೇವನಾಲ್‌ಗಳೂ ಇಲ್ಲವಾಗುತ್ತವೆ. ಕೊನೆಯ ಕೊಂಡಿಗಳಲ್ಲೊಂದು ಕಳಚಿದರೆ ಅವು ಉಳಿಯುತ್ತವೆ. ಇಂಗ್ಲೆಂಡಿನ ಮ್ಯೂರಿಯಲ್ ವೆಲ್ಡೇಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹೂವಿನ ಬಣ್ಣಗಳ ರಸಾಯನವನ್ನು ಅನುವಂಶೀಯತೆಯ ಜೊತೆ ಕೂಡಿಸಿ ಅಭ್ಯಾಸ ಮಾಡಿದರು. 1916ರಲ್ಲಿ ಆಂಥೋಸಯನಿನ್‌ಗಳ ಮೇಲೆ ಪುಸ್ತಕವನ್ನೇ ಬರೆದರು. ಬಿಳಿ ಹೂವನ್ನು ಅಮೋನಿಯಾ ಆವಿಗೆ ಹಿಡಿದು ನೋಡುವುದು ಆ ಕಾಲದಿಂದ ಬಂದ ಸರಳ ಪರೀಕ್ಷೆ. ಹೂವು ಹಳದಿಗೆ ತಿರುಗಿದರೆ ಒಳಗೆ ಫ್ಲೇವೋನ್ ಬಳಗ ಇದೆ ಎಂದರ್ಥ. ಹೆಚ್ಚಿನ ಬಿಳಿ ಹೂಗಳು ಹಳದಿಯಾಗುತ್ತವೆ. ನಮ್ಮ ಕಣ್ಣಿಗೆ ಬರಿದಾಗಿ ಕಾಣುವ ಎಸಳು ರಾಸಾಯನಿಕವಾಗಿ ಬರಿದಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಆಂಥೋಸಯನಿನ್ ಬರೀ ಅಲಂಕಾರವಲ್ಲ, ಅದು ಗಿಡಕ್ಕೆ ಬಿಸಿಲಿನ ಕೊಡೆಯೂ ಹೌದು. ಮಾವಿನ ಎಳೆಚಿಗುರು ಕೆಂಪಗಿರುವುದು ಇದರಿಂದಲೇ ಅಲ್ಲವೇ, ಅದನ್ನು ಕಳೆದುಕೊಂಡ ಗಿಡ ಬಿಸಿಲಿನಲ್ಲಿ ಸೋಲಲೇಬೇಕಲ್ಲ ಎಂಬುದು. ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ತೋಟಗಳಲ್ಲಿ ಬೇಲಿಗೆ ಹಬ್ಬಿಸುವ ಐಪೋಮಿಯಾ ಪರ್ಪ್ಯೂರಿಯಾ ಬಳ್ಳಿಯ ಒಂದು ಬಿಳಿ ಮಾರ್ಪಾಟನ್ನು ಕೋಬರ್ಲಿ ಮತ್ತು ರೌಷರ್ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು: ತಾಪ ಏರಿದಾಗ ಆ ಬಿಳಿ ಗಿಡಗಳ ಫಲವಂತಿಕೆ ಕುಗ್ಗಿತು. ಆದರೆ ಅಲ್ಲಿ ಕಳಚಿದ್ದು ಸರಪಳಿಯ ಮೊದಲ ಕೊಂಡಿ. ಆ ಬಳ್ಳಿ ಕಳೆದುಕೊಂಡದ್ದು ನೇರಳೆಯನ್ನಷ್ಟೇ ಅಲ್ಲ, ಆಂಥೋಸಯನಿನ್, ಫ್ಲೇವೋನ್, ಫ್ಲೇವನಾಲ್‌ಗಳೆಲ್ಲ ಸೇರಿದ ಇಡೀ ಫ್ಲೇವನಾಯ್ಡ್ ಬಳಗವನ್ನೇ. ಪ್ರಯೋಗದ ಪಾಠವನ್ನು ಬಿಳಿ ಹೂವೆಲ್ಲ ದುರ್ಬಲ ಎಂದು ಓದುವುದು ಸರಿಯಲ್ಲ. ಫ್ಲೇವನಾಯ್ಡ್‌ಗಳು ತಾಪದ ಎದುರು ಗಿಡವನ್ನು ಕಾಯುತ್ತವೆ ಎಂದು ಓದಬೇಕು. ಎಲೆಗೆ ಬೀಳುವ ನೇರಳಾತೀತ ಕಿರಣಗಳನ್ನು ತಡೆಯುವ ಮುಖ್ಯ ಹೊಣೆ ಹೊತ್ತಿರುವುದೂ ಬಣ್ಣವಿಲ್ಲದ ಫ್ಲೇವನಾಲ್‌ಗಳು ಮತ್ತು ಅವುಗಳ ಜೊತೆಯ ಫೀನಾಲ್ ಸಂಯುಕ್ತಗಳೇ. ಸಾಲ್ವಿಯಾಗಳಿಗಂತೂ ಇನ್ನೊಂದು ಆಸ್ತಿ ಇದೆ: ರೋಸ್ಮರಿನಿಕ್ ಆಮ್ಲ. 1958ರಲ್ಲಿ ರೋಸ್ಮರಿ ಗಿಡದಿಂದ ಮೊದಲು ಬೇರ್ಪಡಿಸಿದ ಈ ವಸ್ತು ಸಾಲ್ವಿಯಾಗಳ ಎಲೆಯಲ್ಲಿ ಹೇರಳವಾಗಿದೆ, ನೇರಳಾತೀತವನ್ನು ಚೆನ್ನಾಗಿ ಹೀರುತ್ತದೆ, ಮತ್ತು ಅದು ತಯಾರಾಗುವ ದಾರಿ ಆಂಥೋಸಯನಿನ್‌ನ ದಾರಿಯಿಂದ ಬಹಳ ಮೊದಲೇ ಕವಲೊಡೆದದ್ದು. (ರೋಸ್ಮರಿಯನ್ನೂ ಈಗ ಸಸ್ಯಶಾಸ್ತ್ರಜ್ಞರು ಸಾಲ್ವಿಯಾ ಕುಲಕ್ಕೇ ಸೇರಿಸಿದ್ದಾರೆ.) ಹೂವಿನ ನೇರಳೆ ನಿಂತರೆ ಇದು ನಿಲ್ಲಬೇಕಾಗಿಲ್ಲ.

ಸಹಜವಾಗಿಯೇ ಬಿಳಿ ಹೂ ಬಿಡುವ ಬಿಸಿಲುಗಿಡಗಳು ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಇಳಿಜಾರುಗಳಲ್ಲಿ ಬೆಳೆಯುವ ಸಾಲ್ವಿಯಾ ಏಪಿಯಾನಾ ಬಹುವಾರ್ಷಿಕ ಪೊದೆ. ಅದರ ಹೂವು ಬಿಳಿ, ಕೆಲವೊಮ್ಮೆ ತೆಳು ನೇರಳೆಯ ಛಾಯೆ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಮಳೆ ಬೀಳುವುದೇ ಅಪರೂಪ. ಅದನ್ನು ಕಾಯುವುದು ಎಲೆಗಳ ಮೇಲಿನ ಬೂದುಬಿಳಿ ರೋಮಗಳು. ಅವು ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಅಟ್ಟುತ್ತವೆ. ಇಷ್ಟು ದೂರ ಹೋಗುವುದೂ ಬೇಡ. ಶಿವನಿಗೆ ಪ್ರಿಯವೆಂದು ನಾವು ಕೊಯ್ದು ತರುವ ತುಂಬೆ ಹೂವಿನ ಗಿಡ ಇದೇ ಕುಟುಂಬದ್ದು. ಅಚ್ಚ ಬಿಳಿ ಹೂವು, ಬೆಳೆಯುವ ಜಾಗ ಹೊಲದ ಬದು, ದಾರಿಯ ಅಂಚು, ಪಾಳು ಬಿದ್ದ ಬಯಲು. ನೆರಳು ಕೇಳದೆ, ನೀರು ಕೇಳದೆ ನಡುಹಗಲಿನಲ್ಲಿ ಜೇನ್ನೊಣಗಳನ್ನು ಕರೆಯುವ ತುಂಬೆಯನ್ನು ಕಂಡವರು ಬಿಳಿ ಹೂವು ಬಿಸಿಲಿಗಲ್ಲ ಎಂದು ಹೇಳಲಾರರು. ಏಪಿಯಾನಾ, ತುಂಬೆಗಳು ಬಿಳಿಯಾಗಿಯೇ ವಿಕಾಸಗೊಂಡವು, ತೋಟದ 'ಸ್ನೋ ಹಿಲ್' ನೇರಳೆಯಿಂದ ಬಿಳಿಯಾದದ್ದು. ಈ ವ್ಯತ್ಯಾಸ ನಿಜ, ಅದನ್ನು ಮರೆಯಬಾರದು. ಆದರೆ ಎಲೆ, ಬೇರು, ರೋಮಗಳಿಗೆ ಸಂಬಂಧಿಸಿದ ಮಟ್ಟಿಗೆ ಎರಡೂ ಗುಂಪುಗಳು ಒಂದೇ ಮಾತನ್ನು ಹೇಳುತ್ತವೆ.

ಎರಡನೆಯ ಆಕ್ಷೇಪ ತೋಟದ ಜೀವಿಗಳನ್ನು ಕುರಿತದ್ದು: ಬಿಳಿ ಹೂವಿಗೆ ಜೇನು ಬರುವುದಿಲ್ಲ, ನೇರಳೆ ಇದ್ದರೆ ಅದಕ್ಕೇ ಹೋಗುತ್ತದೆ. ಇಲ್ಲಿ ಮೊದಲು ಕೇಳಬೇಕಾದದ್ದು, ಜೇನಿನ ಕಣ್ಣಿಗೆ ಅದು ಬಿಳಿಯಾಗಿದೆಯೇ? ಜೇನ್ನೊಣಗಳಿಗೆ ಬಣ್ಣ ಕಾಣುತ್ತದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ 1914ರಲ್ಲಿ ತೋರಿಸಿದರು. ಅವುಗಳ ಕಣ್ಣಿನ ಮೂರು ಗ್ರಾಹಕಗಳು ಸುಮಾರು 344, 436 ಮತ್ತು 544 ನ್ಯಾನೋಮೀಟರ್‌ಗಳಲ್ಲಿ ಅತಿ ಹೆಚ್ಚು ಸಂವೇದಿ; ಅಂದರೆ ನೇರಳಾತೀತ, ನೀಲಿ ಮತ್ತು ಹಸಿರು. ಬಿಳಿ ಎಸಳಿನಲ್ಲಿ ಉಳಿದಿರುವ ಫ್ಲೇವೋನ್‌ಗಳು ನೇರಳಾತೀತವನ್ನು ನುಂಗಿ, ನೀಲಿ ಮತ್ತು ಹಸಿರನ್ನು ಹೊರಬಿಡುತ್ತವೆ. ಹಾಗಾಗಿ ನಮಗೆ ಬಿಳಿಯಾದ ಹೂವು ಜೇನಿಗೆ ನೀಲಿಹಸಿರು, ಎದ್ದು ಕಾಣುವ ಸ್ಪಷ್ಟ ಬಣ್ಣ. ಮೂರನ್ನೂ ಸಮನಾಗಿ ಹೊರಬಿಡುವ, ಜೇನಿನ ಪಾಲಿಗೂ ಬಿಳಿಯೇ ಆಗಿರುವ ಹೂಗಳು ನಿಸರ್ಗದಲ್ಲಿ ತೀರ ವಿರಳ. ಕೆವನ್, ಜಿಯುರ್ಫಾ ಮತ್ತು ಚಿಟ್ಕಾ 1996ರ ಪ್ರಬಂಧವೊಂದರಲ್ಲಿ ಇದನ್ನೇ ಎತ್ತಿ ಹೇಳಿದರು: ಮನುಷ್ಯನಿಗೆ ಬಿಳಿ ಹೂಗಳು ಬಹಳ, ಜೇನಿಗೆ ಬಿಳಿ ಹೂಗಳು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಣ್ಣಿನ ಬರವನ್ನು ಜೇನಿನ ಮೇಲೆ ಹೇರಿ ತೀರ್ಪು ಕೊಡುವುದು ನ್ಯಾಯವಲ್ಲ.

ಆದರೂ ಆಕ್ಷೇಪದಲ್ಲಿ ಒಂದಂಶ ನಿಜ, ಅದನ್ನು ಒಪ್ಪಲೇಬೇಕು. ಅಮೆರಿಕದ ಕೊಲರಾಡೋ ಪರ್ವತಗಳಲ್ಲಿ ನಿಕ್ ವೇಸರ್ ಮತ್ತು ಮೇರಿ ಪ್ರೈಸ್ ಡೆಲ್ಫಿನಿಯಮ್ ನೆಲ್ಸೋನಿ ಎಂಬ ನೀಲಿ ಹೂವಿನ ಗಿಡದ ಅಪರೂಪದ ಬಿಳಿ ಮಾರ್ಪಾಟನ್ನು ವರ್ಷಗಟ್ಟಲೆ ಗಮನಿಸಿದರು. ಬಂಬಲ್‌ಬೀ ದುಂಬಿಗಳೂ ಝೇಂಕಾರದ ಹಕ್ಕಿಗಳೂ ಬಿಳಿ ಹೂಗಳಿಗೆ ಕಡಿಮೆ ಭೇಟಿ ಕೊಟ್ಟವು, ಅವುಗಳಲ್ಲಿ ಬೀಜವೂ ಕಡಿಮೆ ಕಟ್ಟಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಕುತೂಹಲದ ಸಂಗತಿ. ನೀಲಿ ಹೂವಿನಲ್ಲಿ ಮಕರಂದದ ಬಾಗಿಲನ್ನು ತೋರಿಸುವ ಬಿಳಿ ಎಸಳುಗಳು ನೀಲಿಯ ನಡುವೆ ಎದ್ದು ಕಾಣುತ್ತವೆ. ಹೂವೆಲ್ಲ ಬಿಳಿಯಾದಾಗ ಆ ಗುರುತು ಅಳಿಸಿಹೋಗುತ್ತದೆ, ಬಂದ ಅತಿಥಿ ದಾರಿ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬಿಳಿ ಹೂವಿಗೆ ಬಣ್ಣ ಬಳಿದು ಆ ಗುರುತನ್ನು ಮರಳಿ ಮೂಡಿಸಿದಾಗ ತಾರತಮ್ಯ ನಿಂತಿತು. ಬಿಳಿ ಬಣ್ಣ ಅಲ್ಲಿ ಅಪರಾಧಿಯಾಗಿರಲಿಲ್ಲ, ದಾರಿಗುರುತಿನ ಅಳಿವು ಅಪರಾಧಿಯಾಗಿತ್ತು. ಸಾಲ್ವಿಯಾದಲ್ಲಿ ದಾರಿ ತೋರಿಸುವ ಕೆಲಸವನ್ನು ಬಹುಮಟ್ಟಿಗೆ ಹೂವಿನ ಆಕಾರವೇ ಮಾಡುತ್ತದೆ ಎಂಬುದು ನನ್ನ ತರ್ಕ. ಕೆಳತುಟಿ ಇಳಿದಾಣ, ಅದರಾಚೆ ಒಂದೇ ಬಾಯಿ, ಒಳಗೆ ಒಂದೇ ಕೊಳವೆ. ಜರ್ಮನಿಯ ಕ್ರಿಸ್ಟಿಯಾನ್ ಕೊನ್ರಾಡ್ ಶ್ಪ್ರೆಂಗೆಲ್ 1793ರ ತಮ್ಮ ಗ್ರಂಥದಲ್ಲಿ ಈ ಹೂವಿನ ಯಂತ್ರವನ್ನು ವರ್ಣಿಸಿದ್ದಾರೆ. ಇರುವುದು ಎರಡೇ ಫಲವಂತ ಕೇಸರಗಳು. ಪ್ರತಿಯೊಂದೂ ತೊಟ್ಟಿನ ಮೇಲೆ ತೂಗುವ ಸನ್ನೆಗೋಲು. ಮಕರಂದಕ್ಕೆ ತಲೆ ತೂರಿಸಿದ ಜೇನು ಸನ್ನೆಯ ಕೆಳತೋಳನ್ನು ತಳ್ಳುತ್ತದೆ, ಮೇಲುತೋಳು ಬಾಗಿ ಅದರ ಬೆನ್ನಿಗೆ ಪರಾಗ ಸವರುತ್ತದೆ. ಹೂವು ಹಳತಾದಂತೆ ಶಲಾಕೆ ಕೆಳಗೆ ಬಾಗಿ, ಬೇರೆ ಹೂವಿನ ಪರಾಗ ಹೊತ್ತು ಬಂದ ಬೆನ್ನನ್ನು ಅದೇ ಜಾಗದಲ್ಲಿ ಮುಟ್ಟುತ್ತದೆ. ಈ ಏರ್ಪಾಡಿನಲ್ಲಿ ಆಂಥೋಸಯನಿನ್‌ಗೆ ಯಾವ ಪಾತ್ರವೂ ಇಲ್ಲ. ಅನುಭವವಿಲ್ಲದ ಬಂಬಲ್‌ಬೀಗೆ ಹುಟ್ಟಿನಿಂದ ನೀಲಿನೇರಳೆಯ ಒಲವಿದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸತ್ಯ. ಮಕರಂದ ಸಿಕ್ಕ ಬಣ್ಣವನ್ನು ಅದು ಕೆಲವೇ ಭೇಟಿಗಳಲ್ಲಿ ಕಲಿಯುತ್ತದೆ ಎಂಬುದೂ ಅಷ್ಟೇ ಸತ್ಯ. ಅದಕ್ಕಾಗಿ ಒಂಟಿ ಬಿಳಿ ಗಿಡವನ್ನು ನೇರಳೆಯ ನಡುವೆ ಸಿಕ್ಕಿಸುವುದಕ್ಕಿಂತ ಐದಾರು ಬಿಳಿ ಗಿಡಗಳನ್ನು ಗುಂಪಾಗಿ ನೆಡುವುದು ಲೇಸು. ಕಲಿಯಲು ಜೇನಿಗೆ ಸಾಕಷ್ಟು ಹೂವು ಸಿಗುತ್ತದೆ.

ಈಗ ಬೆಳೆಸುವ ಮಾತು. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದ ನೇರಬಿಸಿಲು ಬೇಕು. ನೆರಳಿನಲ್ಲಿ ಬರೀ ಬೆಳಕಿನ ಪ್ರಮಾಣ ತಗ್ಗುವುದಿಲ್ಲ, ಗುಣವೂ ಬದಲಾಗುತ್ತದೆ: ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಅದಕ್ಕಿಂತ ದೀರ್ಘ ಅಲೆಯ ದೂರಕೆಂಪನ್ನು ಕೆಳಗೆ ಬಿಡುತ್ತವೆ. ಬೆಳಕನ್ನು ಗ್ರಹಿಸುವ ಗಿಡದ ವರ್ಣದ್ರವ್ಯವಾದ ಫೈಟೋಕ್ರೋಮ್ ಈ ಬದಲಾವಣೆಯನ್ನು ಗ್ರಹಿಸಿದೊಡನೆ ಕಾಂಡವನ್ನು ಉದ್ದ ಮಾಡಲು ಹೊರಡುತ್ತದೆ. ಬಯಲಿನ ಗಿಡಕ್ಕೆ ಇದು ಪಕ್ಕದವರನ್ನು ಮೀರಿ ಬೆಳೆಯುವ ಉಪಾಯ, ತೋಟದಲ್ಲಿ ಇದರ ಫಲ ಸೊರಗಿದ ಕಾಂಡ. ಸಾರಜನಕ ಹೆಚ್ಚಾದರೂ ಇದೇ ಗತಿ. ಕೊಟ್ಟಿಗೆ ಗೊಬ್ಬರವನ್ನು ಬುಟ್ಟಿಗಟ್ಟಲೆ ಸುರಿಯುವುದು ಈ ಗಿಡಕ್ಕೆ ಮಾಡುವ ಉಪಕಾರವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಬಸಿದುಹೋಗುವ ಮಣ್ಣು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ರಂಧ್ರಗಳಲ್ಲಿ ನೀರು ನಿಂತರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಜರ್ಮನಿಯ ತೋಟಗಳಲ್ಲಿ ಸಾಲ್ವಿಯಾ ಚಳಿಗಾಲದಲ್ಲಿ ಸತ್ತರೆ ಚಳಿಗಿಂತ ಚಳಿಗಾಲದ ಜೌಗಿನ ಮೇಲೆಯೇ ಮೊದಲು ಅನುಮಾನ ಪಡಬೇಕು. ನಮ್ಮಲ್ಲಿ ಆ ಕೆಲಸವನ್ನು ಮುಂಗಾರು ಮಾಡುತ್ತದೆ. ಕೆಂಪುಮಣ್ಣಿಗೆ ಮರಳು, ಜಲ್ಲಿಪುಡಿ ಬೆರೆಸಿ ಒಂದಡಿ ಎತ್ತರದ ಪಾತಿ ಮಾಡಿದರೆ ಸಾಕು. ನೀರನ್ನು ಹಿಡಿದಿಡುವ ಎರೆಮಣ್ಣಿನ ಊರುಗಳಲ್ಲಿ ಕುಂಡವೇ ಸುರಕ್ಷಿತ.

ನೆಮೊರೋಸಾ ಬಳಗವನ್ನು ಹಾಗೆಯೇ ತಂದು ಬೆಂಗಳೂರಿನಲ್ಲಿ ನೆಡಬಹುದೇ? ನಾನು ಸಲಹೆ ಕೊಡಲಾರೆ, ಮತ್ತು ಕಾರಣ ಬಿಸಿಲಿನ ಕೊರತೆಯಲ್ಲ. ಆ ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ. ದೀರ್ಘ ಹಗಲು ಅವುಗಳನ್ನು ಹೂವಿಗೆ ತಳ್ಳುತ್ತದೆ, ಚಳಿಗಾಲದ ವಿಶ್ರಾಂತಿ ಅದಕ್ಕೆ ನೆರವಾಗುತ್ತದೆ. ಬರ್ಲಿನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ 50 ನಿಮಿಷದ ಹತ್ತಿರ, ಬೆಂಗಳೂರಿನ ಅತಿ ಉದ್ದದ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ಬರ್ಲಿನ್, ನ್ಯೂಜೆರ್ಸಿ, ಟೊರಾಂಟೊಗಳಲ್ಲಿ ನೆಲೆಸಿದ ಕನ್ನಡಿಗರ ಅಂಗಳಕ್ಕೆ 'ಸ್ನೋ ಹಿಲ್' ಹೇಳಿ ಮಾಡಿಸಿದಂಥದು. ಕರ್ನಾಟಕಕ್ಕೆ ಒಪ್ಪುವುದು ಟೆಕ್ಸಸ್, ನ್ಯೂಮೆಕ್ಸಿಕೊ ಮತ್ತು ಉತ್ತರ ಮೆಕ್ಸಿಕೊದ ಸಾಲ್ವಿಯಾ ಫ್ಯಾರಿನೇಸಿಯಾ. ಅದರ ನೀಲಿ ಮತ್ತು ಬಿಳಿ ತಳಿಗಳು ನಮ್ಮ ನರ್ಸರಿಗಳಲ್ಲಿ ಸಿಗುತ್ತವೆ. ಅದನ್ನು ಒಂದು ಋತುವಿನ ಹೂವೆಂದು ಕಿತ್ತು ಎಸೆಯುವ ರೂಢಿ ಇದೆ. ಹಿಮ ಬೀಳದ ನಮ್ಮ ಊರುಗಳಲ್ಲಿ ಅದು ತನ್ನ ತವರಿನಲ್ಲಿರುವಂತೆ ಬಹುವಾರ್ಷಿಕವಾಗಿಯೇ ಉಳಿಯಬಲ್ಲದು. ಈ ಕುಲ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಆ ಭಾಗದ ರೈತರು ಬೆಳೆದ ಚಿಯಾ ಕೂಡ ಒಂದು ಸಾಲ್ವಿಯಾ. ನೆಮೊರೋಸಾ, ಫ್ಯಾರಿನೇಸಿಯಾ ಎರಡೂ ಬಳಗಕ್ಕೆ ಆರೈಕೆ ಒಂದೇ: ಹೂದೆನೆ ಬಾಡುತ್ತಿದ್ದಂತೆ ಕತ್ತರಿಸಬೇಕು. ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿ ಇಟ್ಟಿರುತ್ತದೆ, ತುದಿ ಹೋದರೆ ಅವು ಎದ್ದು ಎರಡನೆಯ ಸುತ್ತಿನ ಹೂವು ಕೊಡುತ್ತವೆ. ಬಿಳಿ ತಳಿಗೆ ಇದು ಇನ್ನೂ ಅಗತ್ಯ, ಬಾಡಿದ ಕಂದು ಹೂವು ಬಿಳಿಯ ಮೇಲೆ ಬೇಗ ಕಾಣುತ್ತದೆ.

ನಡುಹಗಲಿನ ಬಿಸಿಲಿನಲ್ಲಿ ಬಿಳಿ ಕಣ್ಣು ಕುಕ್ಕುತ್ತದೆ, ರೂಪವೇ ಕಾಣುವುದಿಲ್ಲ ಎನ್ನುವವರಿದ್ದಾರೆ. ತಿಳಿಗೋಡೆಯ ಎದುರು ನೆಟ್ಟರೆ ಅದು ನಿಜ. ದಟ್ಟಹಸಿರಿನ ಪೊದೆ ಹಿಂದಿದ್ದರೆ ಪ್ರತಿಯೊಂದು ತೆನೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಹೊತ್ತು ಮುಳುಗುವಾಗ ಬಿಳಿಗೆ ಇನ್ನೊಂದು ಲಾಭವೂ ಇದೆ: ನೇರಳೆ ಎಸಳು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ನುಂಗುವುದರಿಂದ ಬೇಗ ಕಪ್ಪಾಗುತ್ತದೆ, ಬಿಳಿ ಎಸಳು ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಸಿಸಿಂಗ್‌ಹರ್ಸ್ಟ್‌ನಲ್ಲಿ ವೀಟಾ ಸ್ಯಾಕ್‌ವಿಲ್-ವೆಸ್ಟ್ 1950ರ ಹೊತ್ತಿಗೆ ರೂಪಿಸಿದ ಪ್ರಸಿದ್ಧ ಬಿಳಿ ತೋಟ ಇಂಥ ಮುಸ್ಸಂಜೆಯ ನೋಟವನ್ನೂ ಮನಸ್ಸಿನಲ್ಲಿಟ್ಟುಕೊಂಡದ್ದು.

ಉಳಿದದ್ದು ಸಸಿ ಮಾಡುವ ವಿಚಾರ. ಇಲ್ಲಿ ಮಾತ್ರ ಬಿಳಿ ಬಣ್ಣ ನಿಜವಾಗಿಯೂ ಬೇರೆ ಉಪಚಾರ ಕೇಳುತ್ತದೆ. ಕೆಲಸ ನಿಲ್ಲಿಸಿದ ವಂಶವಾಹಿ ಸಾಮಾನ್ಯವಾಗಿ ಅಪ್ರಬಲ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಅದರ ಪರಿಣಾಮ ಕಾಣುತ್ತದೆ. ಸನ್ನೆಗೋಲಿನ ಏರ್ಪಾಡು ಇರುವುದೇ ಬೇರೆ ಹೂವಿನ ಪರಾಗಕ್ಕಾಗಿ, ಹಾಗಾಗಿ ಪಕ್ಕದಲ್ಲಿ ನೇರಳೆ ಗಿಡವಿದ್ದರೆ ಬಿಳಿ ಗಿಡದ ಬೀಜದಿಂದ ನೇರಳೆ ಸಸಿಗಳೇ ಹೆಚ್ಚಾಗಿ ಹುಟ್ಟುತ್ತವೆ. ಎರಡೂ ಬಿಳಿ ತಳಿಗಳೇ ಆಗಿದ್ದರೂ ಭರವಸೆಯಿಲ್ಲ. ಕೇಂಬ್ರಿಜ್‌ನಲ್ಲಿ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ಎರಡು ಬಿಳಿ ಸ್ವೀಟ್ ಪೀ ಗಿಡಗಳನ್ನು ಕೂಡಿಸಿದಾಗ ಮಕ್ಕಳೆಲ್ಲ ನೇರಳೆಯಾದವು. ಮೊಮ್ಮಕ್ಕಳಲ್ಲಿ ನೇರಳೆಗೂ ಬಿಳಿಗೂ 9:7ರ ಅನುಪಾತ ಬಂತು. ಒಂದರಲ್ಲಿ ಕಳಚಿದ ಕೊಂಡಿ ಬೇರೆ, ಇನ್ನೊಂದರಲ್ಲಿ ಕಳಚಿದ ಕೊಂಡಿ ಬೇರೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟಿತು. ಅದಕ್ಕಾಗಿ ಬಿಳಿ ಸಾಲ್ವಿಯಾವನ್ನು ಬುಡ ಸೀಳಿ ಅಥವಾ ಹೂವಿಲ್ಲದ ಎಳೆ ರೆಂಬೆಯನ್ನು ಕತ್ತರಿಸಿ ನೆಟ್ಟು ಹೆಚ್ಚಿಸಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ನೆಮೊರೋಸಾದ ಬುಡವನ್ನು ವಸಂತದಲ್ಲಿ ಅಗೆದು ಸೀಳಿದರೆ ಹಳೆಯ ಗಿಡಕ್ಕೂ ಹೊಸ ಕಸು ಬರುತ್ತದೆ. ಬೀಜ ಬಿದ್ದು ತಾನಾಗಿ ಹುಟ್ಟಿದ ಸಸಿಗಳು ಬಿಳಿಯ ಪಾತಿಯಲ್ಲಿ ಕಂಡರೆ ಹೂವಿಗಾಗಿ ಕಾಯುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. 'ಸ್ನೋ ಹಿಲ್'ನ ಹೂದೆನೆಯಲ್ಲಿ ಹೂವಿನ ಬುಡದ ಪುಟ್ಟ ಎಲೆಗಳೂ ಹಸಿರೇ, ನೇರಳೆ ತಳಿಗಳಲ್ಲಿ ಅವು ನೇರಳೆ ಛಾಯೆ ಹೊತ್ತಿರುತ್ತವೆ. ಕಾಂಡದ ಚೌಕ ಅಂಚುಗಳಲ್ಲೋ ಎಲೆತೊಟ್ಟಿನ ಬುಡದಲ್ಲೋ ಕೆನ್ನೇರಳೆ ಕಂಡ ಸಸಿಯಲ್ಲಿ ಸರಪಳಿ ಎಲ್ಲೋ ಒಂದು ಕಡೆ ಪೂರ್ತಿಯಾಗಿ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಅಂಥದ್ದನ್ನು ಎಳೆಯದಾಗಿದ್ದಾಗಲೇ ಕಿತ್ತು, ನೇರಳೆ ಹೂವಿನ ಬೇರೆ ಪಾತಿಗೆ ಸಾಗಿಸಬೇಕು.